ತಾಲ್ಲೂಕು ಜಡ್ಜ್‌ಗೆ ಪರೀಕ್ಷೆ, ದೆಹಲಿ ಜಡ್ಜ್‌ಗೆ ಏನು?

ನಂಜನಗೂಡಲ್ಲೋ ತಿ. ನರಸೀಪುರದಲ್ಲೋ ಗದ್ದೆ ಬದುವಿನ ಜಗಳ ಒಂದು ಕೋರ್ಟಿಗೆ ಹೋಯ್ತು ಅಂದ್ಕೊಳ್ಳಿ. ಅದನ್ನ ಕೇಳೋ ಸಿವಿಲ್ ನ್ಯಾಯಾಧೀಶರು ಆ ಕುರ್ಚಿಗೆ ಬಂದಿದ್ದು ಹೇಗೆ? ಹೈಕೋರ್ಟ್ ನಡೆಸೋ ಪ್ರಿಲಿಮ್ಸ್, ಮೇನ್ಸ್, ಆಮೇಲೆ ಸಂದರ್ಶನ. ಸಾಲದು ಅಂತ 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹಳೇ ಷರತ್ತೊಂದನ್ನ ವಾಪಸ್ ತಂತು: ಮುಂದಿನ ನೇಮಕಾತಿಗಳಿಗೆ ಅರ್ಜಿ ಹಾಕೋರು ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು.

ಅದೇ ಬದುವಿನ ಕೇಸು ಮೇಲ್ಮನವಿ ಮೇಲೆ ಮೇಲ್ಮನವಿ ಆಗಿ ದೆಹಲಿಗೆ ಹೋದ್ರೆ? ಅಲ್ಲಿ ಕೂತವರಿಗೆ ಪರೀಕ್ಷೆ ಇಲ್ಲ. ಸಂವಿಧಾನದ 124ನೇ ವಿಧಿ ಕೇಳೋದು ಇಷ್ಟೇ: ಭಾರತದ ಪ್ರಜೆ ಆಗಿರಬೇಕು, 5 ವರ್ಷ ಹೈಕೋರ್ಟ್ ನ್ಯಾಯಾಧೀಶ, ಇಲ್ಲಾ 10 ವರ್ಷ ಹೈಕೋರ್ಟ್ ವಕೀಲ, ಇಲ್ಲಾ ರಾಷ್ಟ್ರಪತಿಗಳ ಅಭಿಪ್ರಾಯದಲ್ಲಿ ಹೆಸರಾಂತ ಕಾನೂನು ಪಂಡಿತ ಆಗಿರಬೇಕು. ಇಷ್ಟು ಅರ್ಹತೆ ಇರೋರು ದೇಶದಲ್ಲಿ ಸಾವಿರಾರು ಜನ. ಅವರಲ್ಲಿ ಯಾರನ್ನ ಆರಿಸಬೇಕು ಅನ್ನೋ ಕಡೆಯೇ ರಾಜಕೀಯ ಒಳಗೆ ಬರೋದು.

ಇದಕ್ಕೆ ನಮ್ಮ ರಾಜ್ಯದವರದ್ದೇ ಒಂದು ಕಥೆ ಇದೆ. ಕೆ.ಎಸ್. ಹೆಗ್ಡೆ, ಕಾರ್ಕಳ ತಾಲ್ಲೂಕಿನ ನಿಟ್ಟೆ ಕಡೆಯವರು. 1952ರಲ್ಲಿ ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋದ್ರು. 1957ರಲ್ಲಿ ಅಲ್ಲಿಂದ ನೇರ ಮೈಸೂರು ಹೈಕೋರ್ಟ್‌ಗೆ ನ್ಯಾಯಾಧೀಶರಾಗಿ ಬಂದ್ರು. (ಹೆಸರಷ್ಟೇ ಮೈಸೂರು, ಕೋರ್ಟ್ ಇದ್ದಿದ್ದು ಬೆಂಗಳೂರಿನ ಅಠಾರಾ ಕಚೇರೀಲಿ.) ಇವತ್ತು ಹೀಗಾಗಿದ್ರೆ ಸೋಶಿಯಲ್ ಮೀಡಿಯಾದಲ್ಲಿ ವಾರಗಟ್ಟಲೆ ಅದೇ ಗಲಾಟೆ. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, 1967ರಲ್ಲಿ ಸುಪ್ರೀಂ ಕೋರ್ಟ್.

ಕಾಂಗ್ರೆಸ್‌ನವರು ಅಂದ್ಮೇಲೆ ಕಾಂಗ್ರೆಸ್ ಸರ್ಕಾರದ ಪರ ಇರಬೇಕಲ್ವಾ? 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕೇಸಲ್ಲಿ ಸರ್ಕಾರ ಸೋತಾಗ ಹೆಗ್ಡೆ ಬಹುಮತದ ಕಡೆ ಇದ್ರು. 11 ಜನರಲ್ಲಿ ಸರ್ಕಾರದ ಪರ ನಿಂತಿದ್ದು ಒಬ್ಬರೇ, ಎ.ಎನ್. ರೇ. ಅದೇ ವರ್ಷ ರಾಜಧನದ ಕೇಸು ಬಂತು. ನಮ್ಮ ಮೈಸೂರು ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಬರ್ತಿತ್ತಲ್ಲ, ಅಂಥದ್ದನ್ನ ನಿಲ್ಲಿಸಿದ ಆದೇಶ. ಅಲ್ಲೂ ಹೆಗ್ಡೆ ಸರ್ಕಾರದ ವಿರುದ್ಧ, ರೇ ಪರ.

ಆಮೇಲೆ ಕೇಶವಾನಂದ ಭಾರತಿ ಕೇಸು. ಕೇಸು ಹಾಕಿದ್ದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳು 7-6ರಲ್ಲಿ ಹೇಳಿದ್ರು: ಸಂಸತ್ತು ಸಂವಿಧಾನ ತಿದ್ದಬಹುದು, ಮೂಲ ಸ್ವರೂಪ ಮುಟ್ಟೋ ಹಾಗಿಲ್ಲ. ಹೆಗ್ಡೆ ಆ 7ರಲ್ಲಿ, ರೇ 6ರಲ್ಲಿ. ಮರುದಿನವೇ ಸರ್ಕಾರ ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಅಂತ ಘೋಷಿಸಿತು. ಅವರಿಗಿಂತ ಹಿರಿಯರಾಗಿದ್ದ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆ ಕೊಟ್ರು.

ಸಂಸತ್ತಲ್ಲಿ ಇದನ್ನ ಸಮರ್ಥಿಸಿದ್ದು ಸಚಿವ ಮೋಹನ್ ಕುಮಾರಮಂಗಲಂ. ನ್ಯಾಯಾಧೀಶರ ಹಿರಿತನ ಒಂದೇ ಸಾಲದು, ಅವರ ಸಾಮಾಜಿಕ ದೃಷ್ಟಿಯನ್ನೂ ನೋಡಬೇಕು ಅಂತ ಅವರ ವಾದ. ಇದನ್ನ ಸುಮ್ನೆ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲ ಅದು. ಗೇಣಿದಾರರಿಗೆ ಭೂಮಿ ಕೊಡೋ ಕಾನೂನು ಕೋರ್ಟಲ್ಲಿ ಬಿದ್ದುಹೋದ್ರೆ ಅನ್ನೋ ಭಯ ನಿಜಾನೇ. ಆದ್ರೆ ತೀರ್ಪು ಓದಿ ನೋಡಿ. ಕೇರಳದ ಭೂಸುಧಾರಣಾ ಕಾನೂನುಗಳಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿ ಉಳೀತು. ಸ್ವಾಮೀಜಿಗೆ ಜಮೀನಿನ ವಿಚಾರದಲ್ಲಿ ಅದರಿಂದ ಏನೂ ಸಿಗಲಿಲ್ಲ. ಹಾಗಾಗಿ ಸರ್ಕಾರಕ್ಕೆ ಚುಚ್ಚಿದ್ದು ಭೂಮಿಯ ವಿಷಯ ಅಲ್ಲ, ಅಧಿಕಾರಕ್ಕೆ ಬಿದ್ದ ಮಿತಿ ಅಂತ ನನ್ನ ಲೆಕ್ಕ. ನಾನು ಬಿ.ಕಾಂ. ಓದಿದವನು, ನನಗೆ ಕಾಣೋದೇ ಹೀಗೆ: ಆಡಿಟರ್ ಲೆಕ್ಕದಲ್ಲಿ ತಪ್ಪು ತೋರಿಸಿದ ಮರುದಿನವೇ ಮ್ಯಾನೇಜರ್ ಬೇರೆ ಆಡಿಟರ್‌ನ ಕರ್ಕೊಂಡು ಬಂದ ಹಾಗೆ.

ಪರಿಣಾಮ ಗೊತ್ತಾಗೋಕೆ 3 ವರ್ಷ ಸಾಕಾಯ್ತು. ತುರ್ತು ಪರಿಸ್ಥಿತೀಲಿ ವಾಜಪೇಯಿ, ಅಡ್ವಾಣಿ ಬೆಂಗಳೂರು ಜೈಲಲ್ಲಿದ್ರು. ವಿಚಾರಣೆ ಇಲ್ದೆ ಒಳಗಿಟ್ಟವರು ಬಿಡುಗಡೆಗೆ ಕೋರ್ಟಿನ ಬಾಗಿಲು ತಟ್ಟಬಹುದಾ? 1976ರ ಏಪ್ರಿಲ್ 28ರಂದು ರೇ ನೇತೃತ್ವದ ಪೀಠ 4-1ರಲ್ಲಿ ಇಲ್ಲ ಅಂತು. ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರನ್ನೂ 1977ರ ಜನವರಿಯಲ್ಲಿ ದಾಟಿಸಿ ಎಂ.ಎಚ್. ಬೇಗ್ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದ್ರು.

ಹೆಗ್ಡೆ? 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ರು, ಆಮೇಲೆ ಲೋಕಸಭೆಯ ಸ್ಪೀಕರ್ ಆದ್ರು. ಕರ್ನಾಟಕದ 28 ಸೀಟಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದೇ 2. ಮೊದಲೂ ರಾಜಕಾರಣಿ, ಕೊನೆಗೂ ರಾಜಕಾರಣಿ, ನೋಡಿ ನಾವು ಹೇಳಿರಲಿಲ್ವಾ ಅನ್ನೋರು ಇದ್ದಾರೆ. ಸರಿ, ಆದ್ರೆ ರೇ ಯಾವ ಪಕ್ಷದ ಸಂಸದರೂ ಆಗಿರಲಿಲ್ಲ. ಹಳೇ ಪಕ್ಷದ ಹೆಸರು ನೋಡಿ ತೀರ್ಪು ಊಹಿಸಿದ್ದವರ ಲೆಕ್ಕ ಇಬ್ಬರ ವಿಷಯದಲ್ಲೂ ತಪ್ಪಿತು.

1993ರಲ್ಲಿ ನೇಮಕದ ಕೊನೇ ಮಾತು ಕೊಲಿಜಿಯಂ ಕೈಗೆ, ಅಂದ್ರೆ ಹಿರಿಯ ನ್ಯಾಯಮೂರ್ತಿಗಳ ಕೈಗೇ ಹೋಯ್ತು. ಆಗ ಮುಖ್ಯ ನ್ಯಾಯಮೂರ್ತಿ ಆಗಿದ್ದವರೂ ನಮ್ಮವರೇ, ಎಂ.ಎನ್. ವೆಂಕಟಾಚಲಯ್ಯ. ಇದನ್ನ ಬದಲಿಸೋಕೆ ಸಂಸತ್ತು ತಂದ ನೇಮಕಾತಿ ಆಯೋಗವನ್ನ 2015ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡಿತು. ಆಡಿಟರ್‌ಗಳೇ ಆಡಿಟರ್‌ಗಳನ್ನ ಆರಿಸೋ ಆ ಪದ್ಧತಿ ಬಗ್ಗೆ ಮುಂದಿನ ಎಪಿಸೋಡ್‌ನಲ್ಲಿ ಮಾತಾಡೋಣ.