ಕೊಲ್ಲಿ, ಖಾರಿ, ಅಳಿವೆ: ಪದ ಒಂದು, ಅರ್ಥ ಹಲವು

ಕಡಲು ನೆಲದೊಳಗೆ ಚಾಚಿಕೊಂಡಿರುವ ಜಲಭಾಗಗಳನ್ನು ಕನ್ನಡದಲ್ಲಿ ಕೊಲ್ಲಿ, ಖಾರಿ, ಅಳಿವೆ, ಹಿನ್ನೀರು ಮುಂತಾದ ಪದಗಳಿಂದ ಗುರುತಿಸಲಾಗುತ್ತದೆ. ಆದರೆ ಇವುಗಳ ಅರ್ಥ ಪ್ರದೇಶದಿಂದ ಪ್ರದೇಶಕ್ಕೆ, ಭಾಷೆಯಿಂದ ಭಾಷೆಗೆ ಬದಲಾಗುತ್ತದೆ.

ಕೊಲ್ಲಿ: ಇಂಗ್ಲಿಷಿನ ‘ಬೇ’ ಮತ್ತು ‘ಗಲ್ಫ್’ ಎರಡಕ್ಕೂ ಕನ್ನಡದಲ್ಲಿ ಇದೇ ಪದ. ಬಂಗಾಳ ಕೊಲ್ಲಿ, ಕೊಲ್ಲಿ ರಾಷ್ಟ್ರಗಳು ಇದಕ್ಕೆ ಉದಾಹರಣೆ. ಗಲ್ಫ್ ದೊಡ್ಡದು, ಬೇ ಚಿಕ್ಕದು ಎಂಬ ನಂಬಿಕೆ ಎಲ್ಲೆಡೆ ಸಲ್ಲದು. 21 ಲಕ್ಷ ಚದರ ಕಿ.ಮೀ. ಮೀರಿದ ಬಂಗಾಳ ಕೊಲ್ಲಿ ‘ಬೇ’. ಅದಕ್ಕಿಂತ ಹಲವು ಪಟ್ಟು ಚಿಕ್ಕದಾದ ಪರ್ಷಿಯಾದ ಕೊಲ್ಲಿ ‘ಗಲ್ಫ್’. ಕಡಲಿಲ್ಲದ ಕೊಡಗಿನಲ್ಲಿ ಕೊಲ್ಲಿಯೆಂದರೆ ಬೆಟ್ಟಗಳ ನಡುವಿನ ಕಮರಿ, ಅಲ್ಲಿ ಹರಿಯುವ ತೊರೆ.

ಖಾರಿ: ಮನ್ನಾರ್ ಖಾರಿಯಂತಹ ಹೆಸರುಗಳಲ್ಲಿ ಇದು ‘ಗಲ್ಫ್’. ಹಿಂದಿಯಲ್ಲಿ ಬಂಗಾಳ ಕೊಲ್ಲಿಯೂ ‘ಖಾಡಿ’ಯೇ. ಮರಾಠಿಯಲ್ಲಾದರೋ ಠಾಣೆಯ ಕಿರಿದಾದ ‘ಕ್ರೀಕ್’ ಖಾಡಿ ಎನಿಸಿದರೆ, ಬಂಗಾಳ ಕೊಲ್ಲಿ ‘ಉಪಸಾಗರ’ ಎನಿಸುತ್ತದೆ. ‘ಕ್ರೀಕ್’ ಎಂಬುದಕ್ಕೂ ಎರಡು ಅರ್ಥಗಳಿವೆ: ಇಂಗ್ಲೆಂಡಿನಲ್ಲಿ ಉಬ್ಬರದ ನೀರು ನುಗ್ಗುವ ಕಾಲುವೆ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಒಳನಾಡಿನ ಹಳ್ಳ.

ಅಳಿವೆ: ನದಿ ಕಡಲನ್ನು ಸೇರುವ ಬಾಯಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವೆಡೆಯನ್ನು ಮಂಗಳೂರಿನಲ್ಲಿ ‘ಅಳಿವೆ ಬಾಗಿಲು’ ಎನ್ನುತ್ತಾರೆ. ಮೀನುಗಾರಿಕಾ ದೋಣಿಗಳು ಹಾದುಹೋಗುವ ಈ ದಾರಿಯಲ್ಲಿ ಹೂಳು ತುಂಬಿದರೆ ಅಪಾಯ ತಪ್ಪದು. ಆದರೆ ‘ಅಘನಾಶಿನಿ ಅಳಿವೆ’ ಎಂದಾಗ ಸಿಹಿನೀರು, ಉಪ್ಪುನೀರು ಬೆರೆಯುವ ಇಡೀ ಪ್ರದೇಶ ಎಂದರ್ಥ. ಇದು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ಹಿನ್ನೀರು: ಕೇರಳದ ಸಂದರ್ಭದಲ್ಲಿ ಕಡಲಂಚಿನ ಸರೋವರ, ಕಾಲುವೆಗಳು, ಕರ್ನಾಟಕದ ಒಳನಾಡಿನಲ್ಲಿ ಅಣೆಕಟ್ಟೆಯ ಹಿಂದೆ ನಿಂತ ನೀರು.

ಕಾನೂನು ಹೆಸರನ್ನು ನೆಚ್ಚಿಕೊಳ್ಳುವುದಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 10ನೇ ವಿಧಿಯ ಪ್ರಕಾರ, ಬಾಯಿಯ ಅಗಲವನ್ನು ವ್ಯಾಸವಾಗಿಸಿಕೊಂಡ ಅರ್ಧವೃತ್ತದಷ್ಟಾದರೂ ವಿಸ್ತೀರ್ಣವಿದ್ದರೆ ಮಾತ್ರ ಅದು ‘ಬೇ’. ಭಾರತದ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಉಬ್ಬರವಿಳಿತದ ಪ್ರಭಾವವಿರುವ ಜಲಭಾಗಗಳ ದಡದಲ್ಲಿ 50 ಮೀಟರ್ ಅಥವಾ ಆ ಜಲಭಾಗದ ಅಗಲ, ಇವೆರಡರಲ್ಲಿ ಕಡಿಮೆಯಾದಷ್ಟು ಭೂಮಿಗೆ ಅನ್ವಯಿಸುತ್ತದೆ. ಬೇಸಗೆಯಲ್ಲಿ ನೀರಿನ ಲವಣಾಂಶ ಸಾವಿರಕ್ಕೆ 5 ಭಾಗ ಇರುವವರೆಗೂ ಆ ಪ್ರಭಾವ ಇದೆಯೆಂದೇ ಲೆಕ್ಕ. ದಡದಲ್ಲಿ ಮನೆ ಕಟ್ಟುವವರು ಊರಿನ ರೂಢಿಯ ಹೆಸರನ್ನಲ್ಲ, ಈ ಅಳತೆಯನ್ನು ಗಮನಿಸಬೇಕಾಗುತ್ತದೆ.

ಜಲಭಾಗದ ಸ್ವರೂಪವೇ ವಿವಾದವಾದ ನಿದರ್ಶನ ಕಛ್‌ನ ಸುಮಾರು 96 ಕಿ.ಮೀ. ಉದ್ದದ ಸರ್ ಕ್ರೀಕ್. ಗಡಿ ಕಾಲುವೆಯ ನಡುವೆ ಹಾದುಹೋಗುತ್ತದೆ ಎಂಬುದು ಭಾರತದ ನಿಲುವು. ಅದು ನೌಕಾಯಾನಕ್ಕೆ ಯೋಗ್ಯವಲ್ಲದ್ದರಿಂದ ಆ ತತ್ತ್ವ ಸಲ್ಲದು, 1914ರ ನಿರ್ಣಯದಂತೆ ಗಡಿ ಪೂರ್ವ ದಡದಲ್ಲಿದೆ ಎಂಬುದು ಪಾಕಿಸ್ತಾನದ ವಾದ. ಇತ್ಯರ್ಥವಾಗದ ಈ ಗಡಿಯ ಆಚೀಚೆ ಉಭಯ ದೇಶಗಳ ಮೀನುಗಾರರ ಬಂಧನ ಮತ್ತೆ ಮತ್ತೆ ನಡೆದಿದೆ.