ಸೋಮಾರಿ ಅಂದವರು ಯಾರು?

೨೦೧೩ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಬಡವರ ಕಾರ್ಡಿಗೆ ಕೆ.ಜಿ.ಗೆ ಒಂದು ರೂಪಾಯಿಯಂತೆ ಅಕ್ಕಿ, ಮೂರು ಜನರ ಮೇಲ್ಪಟ್ಟ ಸಂಸಾರಕ್ಕೆ ತಿಂಗಳಿಗೆ ೩೦ ಕೆ.ಜಿ. ನಾವಾಗ ಕೇರಿಯ ಶಾಲೆ ಹುಡುಗರು. ಅಕ್ಕಿಯ ಹಿಂದೆಯೇ ಒಂದು ಮಾತೂ ಬಂತು: ಇನ್ನು ಕೂಲಿಯವರು ಸೋಮಾರಿಗಳಾಗ್ತಾರೆ. ಬಸ್ಸಲ್ಲಿ, ಹೋಟೆಲಲ್ಲಿ, ಒಡೆಯರ ಜಗಲಿಯಲ್ಲಿ ಅದೇ ಮಾತು. ಹೇಳಿದವರು ಕೂತೇ ಹೇಳಿದರು ಅನ್ನೋದನ್ನು ಗೆಳೆಯರು ಗಮನಿಸಬೇಕು.

ಲೆಕ್ಕ ಹಾಕೋಣ. ಮೈಮುರಿದು ದುಡಿಯೋ ಐದು ಜನರ ಮನೆಗೆ ದಿನಕ್ಕೆ ಎರಡು ಕೆ.ಜಿ. ಅಕ್ಕಿ ಬೇಕು. ಮೂವತ್ತು ಕೆ.ಜಿ. ಹದಿನೈದು ದಿನಕ್ಕೆ ಖಾಲಿ. ಉಳಿದ ಹದಿನೈದು ದಿನ? ಉಪ್ಪು, ಬೇಳೆ, ಬಟ್ಟೆ, ಔಷಧಿ? ನಮ್ಮವ್ವಂದಿರು ಆ ವರ್ಷವೂ ನಾಟಿಗೆ ಹೋದರು, ಕಳೆಗೆ ಹೋದರು. ಬದಲಾದದ್ದು ಒಂದೇ. ಒಡೆಯ ಹೇಳಿದಷ್ಟೇ ಕೂಲಿಗೆ 'ಆಗಲ್ಲ' ಅನ್ನೋ ಚೂರು ಧೈರ್ಯ ಬಂತು. ಆ 'ಆಗಲ್ಲ'ಕ್ಕೇ ಅವರು ಸೋಮಾರಿತನ ಅಂತ ಹೆಸರಿಟ್ಟರು.

ಈ ನಾಮಕರಣ ಹಳೆಯದು. ೧೮೫೪ರಲ್ಲಿ ಮಡಿಕೇರಿಯಲ್ಲಿ ಮೊದಲ ಬಿಳಿಯ ದೊರೆ ಕಾಫಿ ತೋಟ ಹಾಕಿದ. ಅವನ ಹಿಂದೆ ಎಷ್ಟೋ ದೊರೆಗಳು ಬಂದರು, ಕಾಡು ಕಡಿದರು. ಕಡಿದದ್ದು ಅವರ ಕೈಯಲ್ಲ. ಮೈಸೂರು ಸೀಮೆಯ ಬಯಲಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಜನರನ್ನು ಘಟ್ಟ ಹತ್ತಿಸಿದರು. ಮಲೆನಾಡಿನ ಚಳಿಜ್ವರ, ಮಳೆ, ಸೋಗೆಯ ಗುಡಿಸಲು. ಮುಂಗಾರು ಬಿದ್ದರೆ ಊರಿನ ರಾಗಿ ಹೊಲ ಕರೆಯುತ್ತಿತ್ತು. ಆಳು ರಾತ್ರೋರಾತ್ರಿ ಇಳಿದು ಹೋಗುತ್ತಿದ್ದ. ಬಿತ್ತನೆಗೆ ಹೋದವನು ದೊರೆಯ ಬಾಯಲ್ಲಿ ಮೈಗಳ್ಳನಾದ, ಮೋಸಗಾರನಾದ.

ಅದಕ್ಕೊಂದು ಕಾನೂನು ಇತ್ತು. ೧೮೫೯ರ ೧೩ನೇ ಕಾಯಿದೆ. ಮುಂಗಡ ತಗೊಂಡ ಕೆಲಸಗಾರ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟನ ಮುಂದೆ ಎಳೆದು ತರಬಹುದು. ದುಡಿ, ಇಲ್ಲ ದುಡ್ಡು ಕಟ್ಟು ಅಂತ ಅವನು ಆಜ್ಞೆ ಮಾಡ್ತಾನೆ. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಸಜೆ, ಕಠಿಣ ದುಡಿಮೆಯ ಸಮೇತ. ಕೂಲಿ ಕೊಡದ ಧಣಿಗೆ ಈ ಕಾಯಿದೆಯಲ್ಲಿ ಒಂದು ದಿನದ ಸಜೆಯೂ ಇಲ್ಲ. ಮೊದಲು ಕಲ್ಕತ್ತ, ಮದರಾಸು, ಮುಂಬಯಿ ಪಟ್ಟಣಗಳಿಗೆ ಮಾಡಿದ್ದು ಆಮೇಲೆ ತೋಟಗಳ ಸೀಮೆಗೂ ಹಬ್ಬಿತು, ಕೊಡಗಿಗೂ ಬಂತು. ೧೯೨೫ರಲ್ಲಿ ರದ್ದಾಯಿತು. ಕೊಡಗಿನ ತೋಟದವರಿಗೆ ಅಷ್ಟಕ್ಕೇ ಕೈಬಿಡಲು ಮನಸ್ಸಿರಲಿಲ್ಲ. ೧೯೨೬ರಲ್ಲಿ ಕೊಡಗಿಗೇ ಬೇರೆ ಕಾರ್ಮಿಕ ಕಾಯಿದೆ ಬಂತು.

ಈಗ ಕೇಳೋಣ. ನಿಜವಾಗಿ ಸೋಮಾರಿಯಾದ ಆಳನ್ನು ಯಾವ ಧಣಿಯಾದರೂ ಜೈಲಿನ ಭಯ ತೋರಿಸಿ ಹಿಡಿದಿಟ್ಟುಕೊಳ್ತಾನಾ? ಕತ್ತು ಹಿಡಿದು ಆಚೆ ದಬ್ಬುತ್ತಾನೆ. ಮ್ಯಾಜಿಸ್ಟ್ರೇಟು, ಪೊಲೀಸು, ಬಂದೀಖಾನೆ ಎಲ್ಲ ಸೇರಿ ಹಿಡಿದಿಡಬೇಕಾಗಿ ಬಂದಿದ್ದು ಆ ಮೈಯ ದುಡಿಮೆಗೆ ಅಷ್ಟು ಬೆಲೆ ಇತ್ತು ಅಂತಲೇ. ಆ ಬೆಲೆಯನ್ನು ಕೂಲಿಯಾಗಿ ಕೊಡೋಕೆ ಮಾತ್ರ ಮನಸ್ಸಿರಲಿಲ್ಲ.

ಬಿಳಿಯರು ಹೋದರು, ಊರೊಳಗಿನ ದೊರೆಗಳು ಉಳಿದರು. ೧೯೭೪ರ ಭೂಸುಧಾರಣೆಯ ತಿದ್ದುಪಡಿ ಬರೋವರೆಗೂ ನೇಗಿಲ ಮೇಣಿ ಮುಟ್ಟದವನ ಕಣಜಕ್ಕೆ ಗೇಣಿ ಹೋಗ್ತಿತ್ತು. ಅವನನ್ನು ಯಾರೂ ಸೋಮಾರಿ ಅನ್ನಲಿಲ್ಲ, ಧಣಿ ಅಂದರು. ನಮ್ಮಲ್ಲೂ ಮೈಗಳ್ಳರಿದ್ದಾರೆ, ಇಲ್ಲ ಅನ್ನಲ್ಲ. ಒಬ್ಬ ಮೈಗಳ್ಳನಿಂದ ಇಡೀ ಕೇರಿಗೆ ಹೆಸರು ಬರೋದು ಮಾತ್ರ ನಮಗಷ್ಟೇ ಮೀಸಲು.

ನಮ್ಮ ತಾತ ಜೀತಕ್ಕಿದ್ದ. ಕೋಳಿ ಕೂಗುವ ಮುಂಚೆ ಕೊಟ್ಟಿಗೆ, ದೀಪ ಹಚ್ಚಿದ ಮೇಲೂ ಕೊಟ್ಟಿಗೆ. ಅವನಿಗೆ ಒಡೆಯ ಇಟ್ಟಿದ್ದ ಹೆಸರು 'ಸೋಂಬೇರಿ'. ಸ್ವಂತ ಹೆಸರು ಕೂಗಿದ್ದೇ ಇಲ್ಲವಂತೆ. ಮೇಷ್ಟ್ರುಗಳು ನಮ್ಮ ಕೇರಿಯ ಹುಡುಗ ಬೆಂಚಿನ ಮೇಲೆ ತೂಕಡಿಸಿದಾಗ ಅದೇ ಮಾತು ಅನ್ನೋ ಮುಂಚೆ, ಅವನು ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ ಅಂತ ಒಂದ್ಸಲ ಕೇಳಲಿ.

೧೯೭೫ರ ಸುಗ್ರೀವಾಜ್ಞೆ, ೧೯೭೬ರ ಕಾಯಿದೆ ಜೀತವನ್ನು ರದ್ದು ಮಾಡಿ, ಜೀತದ ಸಾಲವನ್ನೂ ಅಳಿಸಿ ಹಾಕಿದವು. ತಾತನಿಗೆ ಈಗ ಯಾರ ಹಂಗೂ ಇಲ್ಲ. ಮಧ್ಯಾಹ್ನ ಹುಣಸೆಮರದ ಕೆಳಗೆ ಕಂಬಳಿ ಹಾಸಿಕೊಂಡು ಮಲಗ್ತಾನೆ. ರಸ್ತೆಯಲ್ಲಿ ಬೈಕಿನ ಸದ್ದು ಕೇಳಿಸಿದರೆ ಸಾಕು, ದಡಕ್ಕನೆ ಎದ್ದು ನಿಂತುಬಿಡ್ತಾನೆ.