ಕೆಲು: ತಣ್ಣಗಿನ ಕುಬ್ಜತಾರೆಯೊಂದರ ದೂರವನ್ನು ಅಳೆದ ಬಗೆ

ಆಕಾಶಕಾಯಗಳ ಹೆಸರುಗಳಲ್ಲಿ ಹೆಚ್ಚಿನವು ಗ್ರೀಕ್, ಲ್ಯಾಟಿನ್, ಅರಬ್ಬಿ ಮೂಲದವು. ಉಳಿದವು ಪಟ್ಟಿಗಳ ಕ್ರಮಸಂಖ್ಯೆಗಳು. ಈ ರೂಢಿಗೆ ಹೊರತಾದ ಹೆಸರೊಂದು 1997ರಲ್ಲಿ ಬಳಕೆಗೆ ಬಂದಿತು. ಚಿಲಿ ದೇಶದ ಖಗೋಳವಿಜ್ಞಾನಿ ಮರಿಯಾ ತೆರೆಸಾ ರುಯಿಸ್ ಶ್ವೇತಕುಬ್ಜಗಳನ್ನು ಅರಸುತ್ತಿದ್ದಾಗ, ವರ್ಷದಿಂದ ವರ್ಷಕ್ಕೆ ಸ್ಥಾನ ಬದಲಿಸುತ್ತಿದ್ದ ಮಸುಕಾದ ಚುಕ್ಕೆಯೊಂದು ಛಾಯಾಫಲಕಗಳಲ್ಲಿ ಅವರ ಕಣ್ಣಿಗೆ ಬಿದ್ದಿತು. ಅದಕ್ಕೆ ಅವರು ಇಟ್ಟ ಹೆಸರು ‘ಕೆಲು’. ಆ ನೆಲದ ಮೂಲನಿವಾಸಿಗಳಾದ ಮಾಪುಚೆ ಜನರ ನುಡಿಯಲ್ಲಿ ಕೆಲು ಎಂದರೆ ಕೆಂಪು. ಕನ್ನಡದ ‘ಕೆಂಪು’ ಶಬ್ದದೊಡನೆ ಕಾಣುವ ಸಾಮ್ಯ ಕೇವಲ ಆಕಸ್ಮಿಕ. ಅದರ ಮೇಲೆ ವ್ಯುತ್ಪತ್ತಿಯ ಗೋಪುರ ಕಟ್ಟುವುದು ತರವಲ್ಲ.

ಇಂತಹ ಕಾಯಗಳು ಇರಬೇಕೆಂಬುದನ್ನು 1962–63ರಲ್ಲಿಯೇ ಭಾರತ ಮೂಲದ ಶಿವ ಎಸ್. ಕುಮಾರ್ ಅವರು ಲೆಕ್ಕದಿಂದ ತೋರಿಸಿದ್ದರು. ಸೂರ್ಯನ ದ್ರವ್ಯರಾಶಿಯ ಸುಮಾರು ಶೇಕಡ 7ಕ್ಕಿಂತ ಕಡಿಮೆಯಿರುವ ಅನಿಲಪಿಂಡದಲ್ಲಿ ಹೈಡ್ರೋಜನ್ ಸ್ಥಿರವಾಗಿ ಉರಿಯದು. ಅದು ಹುಟ್ಟಿನ ಕಾವನ್ನು ಕಳೆದುಕೊಳ್ಳುತ್ತ ತಣ್ಣಗಾಗುತ್ತದೆ. ಇವುಗಳನ್ನು ‘ಕಂದು ಕುಬ್ಜ’ಗಳೆಂದು 1975ರಲ್ಲಿ ಕರೆದವರು ಜಿಲ್ ಟಾರ್ಟರ್. ಕೆಲುವಿನ ರೋಹಿತದಲ್ಲಿ ಲಿಥಿಯಂ ಧಾತುವಿನ ಗುರುತು ದೊರೆಯಿತು. ಇಷ್ಟು ತಣ್ಣಗಿನ ನಿಜನಕ್ಷತ್ರವಾಗಿದ್ದರೆ ಲಿಥಿಯಂ ಬಹುಹಿಂದೆಯೇ ನಾಶವಾಗಿರಬೇಕಿತ್ತು. ಆದುದರಿಂದ ಕೆಲು ಕಂದು ಕುಬ್ಜವೆಂದು ತೀರ್ಮಾನವಾಯಿತು. ಅದರ ಮೇಲ್ಮೈ ಉಷ್ಣತೆ ಸುಮಾರು 1,900 ಕೆಲ್ವಿನ್. ಸೂರ್ಯನದು ಸುಮಾರು 5,800.

ಆದರೆ ರೋಹಿತವೊಂದೇ ಎಲ್ಲವನ್ನೂ ಹೇಳಲಾರದು. ಕತ್ತಲ ರಾತ್ರಿಯಲ್ಲಿ ಕಾಣುವ ಬೆಳಕು ಪಕ್ಕದ ಹೊಲದ ಲಾಟೀನೋ ದೂರದ ಗುಡ್ಡದ ಬೆಂಕಿಯೋ ಎಂಬುದು ದೂರ ತಿಳಿಯದೆ ನಿರ್ಧಾರವಾಗದು. ಕೆಲುವಿನ ಮಟ್ಟಿಗೆ ಮೊದಲು ಹೇಳಲಾದ ದೂರ ಸುಮಾರು 33 ಜ್ಯೋತಿರ್ವರ್ಷ. ಇದು ಅಳತೆಯಲ್ಲ, ಬೆಳಕಿನ ಪ್ರಮಾಣವನ್ನು ಆಧರಿಸಿದ ಊಹೆ.

ನಿಜವಾದ ಅಳತೆಯ ಮಾರ್ಗ ಹಳೆಯದು. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ತಾರೆ ಹಿನ್ನೆಲೆಯ ತಾರೆಗಳ ನಡುವೆ ಕಿಂಚಿತ್ ಅತ್ತಿತ್ತ ಸರಿದಂತೆ ತೋರುತ್ತದೆ. ಈ ಪ್ಯಾರಲ್ಯಾಕ್ಸ್ ಕೋನವನ್ನು ಹಿಡಿದು 1838ರಲ್ಲಿ ಬೆಸೆಲ್ ಹಂಸ ನಕ್ಷತ್ರಪುಂಜದ 61ನೆಯ ತಾರೆಯ ದೂರವನ್ನು ಪ್ರಕಟಿಸಿದ್ದನು. ನಮಗೆ ಅತಿ ಸಮೀಪದ ಪ್ರಾಕ್ಸಿಮಾ ತಾರೆಗೂ ಈ ಕೋನ ಒಂದು ವಿಕಲೆಯನ್ನು, ಅಂದರೆ ಅಂಶದ 3,600ನೆಯ ಒಂದು ಭಾಗವನ್ನು ಮುಟ್ಟುವುದಿಲ್ಲ. ತಣ್ಣಗಿನ ಕುಬ್ಜಗಳ ಬೆಳಕೋ ಬಹುಪಾಲು ಅವಕೆಂಪಿನಲ್ಲಿ ಇರುವಂಥದು. ಹಳೆಯ ಛಾಯಾಫಲಕಗಳಿಗೆ ಅದು ಸುಲಭವಾಗಿ ಸಿಗುತ್ತಿರಲಿಲ್ಲ. ಸಿಸಿಡಿ ಉಪಕರಣ ಬಂದ ಮೇಲೆ ಕೆಲಸ ಹಗುರವಾಯಿತು. ಅಮೆರಿಕದ ನೌಕಾ ವೀಕ್ಷಣಾಲಯದ ಕಾನಾರ್ಡ್ ಡಾನ್ ಮತ್ತು ಸಂಗಡಿಗರು ಇಂತಹ ಹಲವು ಕುಬ್ಜಗಳನ್ನು ಫ್ಲ್ಯಾಗ್‌ಸ್ಟಾಫ್‌ನಲ್ಲಿ ವರ್ಷಗಟ್ಟಲೆ ಅಳೆದು 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಂತೆ ಕೆಲುವಿನ ಕೋನ ಸುಮಾರು 0.054 ವಿಕಲೆ, ದೂರ ಸುಮಾರು 61 ಜ್ಯೋತಿರ್ವರ್ಷ.

ದೂರ ಹೆಚ್ಚುಕಡಿಮೆ ಇಮ್ಮಡಿಯಾದುದರಿಂದ ಕೆಲುವಿನ ನೈಜ ಪ್ರಕಾಶ ಮೊದಲ ಊಹೆಯ ಮೂರು ಪಟ್ಟಿಗೂ ಮೀರಿತು. ಅದರದೇ ವರ್ಗದ ಇತರ ಕುಬ್ಜಗಳಿಗೆ ಹೋಲಿಸಿದರೂ ಅದು ಅಗತ್ಯಕ್ಕಿಂತ ಉಜ್ವಲವಾಗಿತ್ತು. ಕೆಲು ಅವಳಿಯಾಗಿರಬಹುದೆಂಬ ಸಂಶಯ ಸಹಜವೇ. ಆದರೆ 1998ರ ಹಬಲ್ ದೂರದರ್ಶಕದ ಚಿತ್ರದಲ್ಲಿ ಕಂಡದ್ದು ಒಂದೇ ಚುಕ್ಕೆ. ಹವಾಯಿಯ ಕೆಕ್ ದೂರದರ್ಶಕದಲ್ಲಿ, ವಾಯುಮಂಡಲದ ಅಲುಗಾಟವನ್ನು ಲೇಸರ್ ನೆರವಿನಿಂದ ಸರಿಪಡಿಸಿಕೊಂಡು ಪಡೆದ ಚಿತ್ರಗಳಿಂದ ಮೈಕೆಲ್ ಲಿಯು ಮತ್ತು ಸ್ಯಾಂಡಿ ಲೆಗೆಟ್ ಈ ಗಂಟನ್ನು 2005ರಲ್ಲಿ ಬಿಡಿಸಿದರು. ಚುಕ್ಕೆಗಳು ಎರಡು, ನಡುವಿನ ಅಂತರ ಸುಮಾರು 0.29 ವಿಕಲೆ. ಹಬಲ್ ನೋಡಿದ ಕಾಲಕ್ಕೆ ಪರಿಭ್ರಮಣದ ದೆಸೆಯಿಂದ ಅವು ಇನ್ನೂ ಹತ್ತಿರವಿದ್ದವು. ಹೀಗೆ ಅವಳಿಯ ಮೊದಲ ಸುಳಿವು ದೊರೆತದ್ದು ಚಿತ್ರದಿಂದಲ್ಲ, ದೂರದ ಅಳತೆಯಿಂದ ಎಂಬುದು ಗಮನಾರ್ಹ.

2013ರಲ್ಲಿ ಹಾರಿಸಲಾದ ಗಾಯಾ ನೌಕೆ 2025ರ ಜನವರಿಯಲ್ಲಿ ವೀಕ್ಷಣೆ ನಿಲ್ಲಿಸುವವರೆಗೆ ನೂರು ಕೋಟಿಗೂ ಮಿಕ್ಕ ತಾರೆಗಳನ್ನು ಅಳೆಯಿತು. ಆದರೆ ಅದು ನೋಡುತ್ತಿದ್ದುದು ಮುಖ್ಯವಾಗಿ ಗೋಚರ ಬೆಳಕನ್ನು. ಕೆಲುವಿಗಿಂತ ಬಹಳ ತಣ್ಣಗಿನವು ಅದಕ್ಕೆ ನಿಲುಕಲಿಲ್ಲ. 2014ರಲ್ಲಿ ಕೆವಿನ್ ಲೂಮನ್ ಪ್ರಕಟಿಸಿದ ವೈಸ್ 0855 ಎಂಬ ಕಾಯ ಅಂಥದು. ಅದರ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿದೆ. ಅದರ ದೂರ ಸುಮಾರು 7.4 ಜ್ಯೋತಿರ್ವರ್ಷವೆಂಬುದನ್ನು ವೈಸ್ ಮತ್ತು ಸ್ಪಿಟ್ಜರ್ ಎಂಬ ಅವಕೆಂಪು ದೂರದರ್ಶಕಗಳ ಚಿತ್ರಗಳಿಂದ ಕಂಡುಕೊಳ್ಳಲಾಯಿತು.